ಅಕ್ಕ ಬರೆದ ತಪ್ಪಿನ ಪುಟಗಳು

ಕೆಟ್ಟ ವೆಬ್‌ಸೈಟನ್ನು ಸರಿ ಮಾಡುವುದು ದೊಡ್ಡ ಮಾತಲ್ಲ. ಅದು ಕೆಟ್ಟಿದೆ ಅಂತ ಜನರಿಗೆ ತಿಳಿಸುವುದಿದೆಯಲ್ಲ, ಫಜೀತಿ ಇರುವುದು ಅಲ್ಲಿ. ನನ್ನ ಕೆಲಸದಲ್ಲಿ ಇಂಥ ಒಂದು ಫಜೀತಿ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಮೆಟ್ಟಿಲು ಹತ್ತಿ ಬರುತ್ತಿರುತ್ತದೆ. ವಿಜಯಪುರದಲ್ಲಿ ಗೋಳಗುಮ್ಮಟದ ಹತ್ತಿರ, ಕಬ್ಬಿನ ಹಾಲಿನಂಗಡಿಯ ಮೇಲಿನ ಕೋಣೆ ನನ್ನ ಆಫೀಸು. ಅಲ್ಲಿ ಕೂತು ಊರವರಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಇಲ್ಲಿ ಹೇಳುವುದೆಲ್ಲ ಒಂದೇ ವೆಬ್‌ಸೈಟಿನ ಸಂಗತಿ, ಅದರಲ್ಲೂ ಬಹಳಷ್ಟು ನನ್ನ ಅಕ್ಕನದು. ನಗಿಸಬೇಕು ಅಂತಲೇ ಬರೆಯಲು ಕೂತಿದ್ದೇನೆ. ಅಲ್ಲಲ್ಲಿ ನನಗೇ ನಗಲಾಗದೆ ಹೋದರೆ ನೀವು ಸಂಭಾಳಿಸಿಕೊಳ್ಳಿ.

ಮಾಲು ಸಿಗವಲ್ದು

ಟಿಕೋಟಾದಲ್ಲಿ ಒಂದು ಕೋಲ್ಡ್ ಸ್ಟೋರೇಜ್. ಸುತ್ತಲಿನ ಬೆಳೆಗಾರರು ಒಣದ್ರಾಕ್ಷಿಯ ಬಾಕ್ಸುಗಳನ್ನು ತಂದು ಅಲ್ಲಿ ಇಡುತ್ತಾರೆ. ಯಾರ ಮಾಲು ಯಾವ ಕೋಣೆಯಲ್ಲಿದೆ ಅಂತ ಅವರವರ ಮೊಬೈಲಿನಲ್ಲೇ ಕಾಣುವಂತೆ ನಾನು ಪೈಥಾನ್‌ನಲ್ಲಿ ಒಂದು ವೆಬ್‌ಸೈಟ್ ಮಾಡಿಕೊಟ್ಟೆ. ಇಲ್ಲದ ಪುಟವನ್ನು ಯಾರಾದರೂ ಕೇಳಿದರೆ ಅದು ತನ್ನಷ್ಟಕ್ಕೆ ಇಂಗ್ಲಿಷಿನಲ್ಲಿ 'ನಾಟ್ ಫೌಂಡ್' ಅಂತ ತೋರಿಸುತ್ತಿತ್ತು. ಜಗತ್ತಿನ ಎಲ್ಲ ವೆಬ್‌ಸೈಟುಗಳೂ ಹಾಗೇ ತೋರಿಸುತ್ತವೆ ಅಂತ ನಾನೂ ಬಿಟ್ಟಿದ್ದೆ.

ಬಬಲೇಶ್ವರದ ಕಡೆಯ ಬೆಳೆಗಾರರೊಬ್ಬರಿಗೆ ಯಾರೋ ಲಿಂಕ್ ಕಳಿಸಿದ್ದರು. ಕಳಿಸುವಾಗ ಅದರ ಬಾಲ ಕತ್ತರಿಸಿ ಹೋಗಿತ್ತು. ಒತ್ತಿದರು. 'ನಾಟ್ ಫೌಂಡ್' ಬಂತು. ಹಾಗಂದರೇನು ಅಂತ ಮೊಬೈಲನ್ನೇ ಕೇಳಿದರು. ಮೊಬೈಲು 'ಸಿಗಲಿಲ್ಲ' ಅಂತ ಕನ್ನಡ ಮಾಡಿ ಹೇಳಿತು. ಏನು ಸಿಗಲಿಲ್ಲ? ಅವರ ಪಾಲಿಗೆ ಅಲ್ಲಿ ಇದ್ದದ್ದು ಒಂದೇ, ವರ್ಷದ ಬೆಳೆ. ಉಟ್ಟ ಧೋತರದಲ್ಲೇ ಜೀಪು ಹತ್ತಿದವರು ಟಿಕೋಟಾದಲ್ಲಿ ಇಳಿದು ಕೂಗಿದರು:

"ನನ್ನ ಮಾಲು ಸಿಗವಲ್ದಂತಲ್ರಿ! ಎಲ್ಲಿ ಕಳದೀರಿ?"

ಕೋಲ್ಡ್ ಸ್ಟೋರೇಜಿನ ಸಾವಕಾರರು ಎಷ್ಟು ಹೇಳಿದರೂ ಕೇಳಲಿಲ್ಲ. ಕಡೆಗೆ ಕೋಣೆಯ ಬಾಗಿಲು ತೆರೆಸಿದರು. ಬರೀ ಬನಿಯನ್ನಿನ ಮೇಲಿದ್ದ ಮನುಷ್ಯ ಆ ಥಂಡಿಯಲ್ಲಿ ನಡುಗುತ್ತ ಒಳಗೆ ಹೋಗಿ, ತಮ್ಮ ಹೆಸರಿದ್ದ ಬಾಕ್ಸುಗಳ ಮೇಲೆ ಎಮ್ಮೆಯ ಬೆನ್ನು ತಟ್ಟಿದ ಹಾಗೆ ಕೈಯಾಡಿಸಿ ಹೊರಗೆ ಬಂದರು.

"ಮಾಲು ಇಲ್ಲೇ ಐತ್ರಿ. ನಿಮ್ಮ ಕಂಪ್ಯೂಟರಿಗೆ ಕಣ್ಣು ಕಾಣವಲ್ವು. ಯಾರಾದ್ರೂ ಡಾಕ್ಟರಿಗೆ ತೋರಸ್ರಿ."

ಕಿವಿ ಚಲೋ ಅದಾವ

ಆವತ್ತೇ ಸಾವಕಾರರ ಫೋನು ಬಂತು. "ನೋಡ್ರಿ, ಇಂಗ್ಲಿಷ್ ತಗೀರಿ. ಏನು ತಪ್ಪಾತು ಅಂತ ನಮ್ಮ ಜನಕ್ಕ ತಿಳಿಯುವಂಗ ಬರೀರಿ."

ಪೈಥಾನ್‌ನಲ್ಲಿ ಇದು ಕಷ್ಟದ ಕೆಲಸವಲ್ಲ. ಒಂದೊಂದು ಬಗೆಯ ತಪ್ಪಿಗೆ ಒಂದೊಂದು ನಂಬರಿದೆ. ಇಂಥ ನಂಬರಿನ ತಪ್ಪಾದರೆ ಇಂಥ ಪುಟ ತೋರಿಸು ಅಂತ ನಾಲ್ಕು ಸಾಲು ಬರೆದರಾಯಿತು. ಪುಟದಲ್ಲಿ ಏನು ಹೇಳಬೇಕು ಅನ್ನುವುದೇ ಕಷ್ಟ. ನಾನು ಬರೆದೆ: 'ಕ್ಷಮಿಸಿ, ತಾವು ಕೋರಿದ ಪುಟವು ಲಭ್ಯವಿರುವುದಿಲ್ಲ.'

ಸಾವಕಾರರು ಓದಿ, "ಇದನ್ನ ನೋಡಿದಾವ ಸೀದಾ ವಕೀಲರ ಮನಿಗೆ ಹೋಗ್ತಾನ್ರಿ" ಅಂದರು.

ಆಗ ನೆನಪಾದವಳು ಅಕ್ಕ. ಅವಳು ನಮ್ಮ ಬಸ್ ಸ್ಟ್ಯಾಂಡಿನಲ್ಲಿ ವರ್ಷಗಟ್ಟಲೆ ಮೈಕಿನ ಮುಂದೆ ಕೂತವಳು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾವುದು ಇವತ್ತು ಬರುವುದೇ ಇಲ್ಲ ಅಂತ ಹೇಳುತ್ತಿದ್ದ ದನಿ ಅವಳದು. ಮಮದಾಪುರದ ಬಸ್ಸು ರದ್ದಾಗಿದೆ ಅಂತ ಬೇರೆಯವರು ಹೇಳಿದರೆ ಜನ ಕಿಟಕಿಗೆ ಬಂದು ಬಡಿಯುತ್ತಿದ್ದರು. ಅವಳು ಹೇಳಿದರೆ ಗಂಟು ಮೂಟೆ ಎತ್ತಿಕೊಂಡು ಜೀಪಿನ ಕಡೆ ನಡೆಯುತ್ತಿದ್ದರು.

ಆ ದನಿ ಹೋಗಿತ್ತು. ಗಂಟಲಲ್ಲಿ ಗಡ್ಡೆ ಅಂದರು, ದನಿಪೆಟ್ಟಿಗೆಯನ್ನೇ ತೆಗೆದರು. ಕೊರಳಿನಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೆ ತೆಳುವಾದ ಬಿಳಿ ಬಟ್ಟೆ. ಹೇಳುವುದನ್ನೆಲ್ಲ ಮೊಬೈಲಿನಲ್ಲಿ ಬರೆದು ಎದುರಿನವರಿಗೆ ಹಿಡಿಯುತ್ತಿದ್ದಳು. ಮಕ್ಕಳಿಲ್ಲ. ಮನೆಯಲ್ಲಿ ಅವಳು, ಅವಳ ಗಂಡ ಇಬ್ಬರೇ. ನಾನು ಮಾಮಾ ಅನ್ನುವ ಆ ಗಂಡ ಬ್ಯಾಂಕಿನಿಂದ ನಿವೃತ್ತರಾದವರು, ಹೆಂಡತಿಯ ಸನ್ನೆಗಳೆಲ್ಲ ತನಗೆ ಗೊತ್ತು ಅಂತ ನಂಬಿದವರು. ಅವಳು ಫ್ಯಾನು ತೋರಿಸಿದರೆ, "ತಲಿ ತಿರಗಾಕತ್ತೈತಂತ, ಗುಳಿಗಿ ತಾ" ಅನ್ನುವರು. ಅವಳು ಹಣೆ ಬಡಿದುಕೊಂಡರೆ, "ನೋಡು, ನಾ ಹೇಳಿಲ್ಲ? ತಲೀನ" ಅನ್ನುವರು.

ನಾನು ಹೋದ ದಿನ ಓಣಿಯ ಹೆಂಗಸೊಬ್ಬರು ಅವಳನ್ನು ಮಾತಾಡಿಸಲು ಬಂದಿದ್ದರು. ದನಿ ಹೋದವರಿಗೆ ಕಿವಿಯೂ ಕೇಳುವುದಿಲ್ಲ ಅಂತ ಅವರು ಯಾಕೆ ತಿಳಿದರೋ! ಅಕ್ಕನ ಕಿವಿಗೆ ಬಾಯಿಟ್ಟು, "ಅಕ್ಕಾರ, ಆರಾಮ ಅದೀರೇನ್ರೀ?" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. ಅಕ್ಕ ಸಮಾಧಾನದಿಂದ ಬರೆದು ಮೊಬೈಲು ಹಿಡಿದಳು:

'ಕಿವಿ ಇನ್ನೂ ಚಲೋ ಅದಾವ. ನೀವು ಇನ್ನೆರಡು ಸಲ ಬಂದ್ರ ಅವೂ ಹೋಗ್ತಾವ.'

ರೈತ ಬಾಂಧವರ ಗಮನಕ್ಕ

ಮಾರನೆಯ ದಿನದಿಂದ ಅಕ್ಕ ನನ್ನ ಆಫೀಸಿಗೆ ಬರತೊಡಗಿದಳು. ಮನೆಯಲ್ಲಿ ಕೂತು ಕೂತು ಅವಳು ಎಷ್ಟು ಬಾಡಿದ್ದಳು ಅಂತ ನನಗೆ ತಿಳಿದದ್ದು ಅವಳು ನಕ್ಕಾಗ. ನನ್ನ 'ತಾವು ಕೋರಿದ ಪುಟವು' ಓದಿ ಅವಳ ಭುಜ ಕುಲುಕಿತು, ಕಣ್ಣಲ್ಲಿ ನೀರು ಬಂತು. ಸದ್ದು ಮಾತ್ರ ಇಲ್ಲ. ಕೆಳಗಿನ ಕಬ್ಬಿನ ಗಾಣದ ಗೆಜ್ಜೆಯ ಸದ್ದೊಂದೇ. ಮೊದಲು ಅವಳು ನಕ್ಕರೆ ಮೂರು ಮನೆಗೆ ಕೇಳುತ್ತಿತ್ತು.

ಹಾಗಂತ ಅವಳೇನೂ ಒಮ್ಮೆಗೇ ಚೆಂದ ಬರೆಯಲಿಲ್ಲ. ಹಳೇ ರೂಢಿ ಬಿಡಬೇಕಲ್ಲ! ಮೊದಲ ಸಲ ಬರೆದದ್ದು ಹೀಗಿತ್ತು: 'ರೈತ ಬಾಂಧವರ ಗಮನಕ್ಕೆ. ತಾವು ಹುಡುಕುತ್ತಿರುವ ಪುಟವು ಯಾವ ಪ್ಲಾಟ್‌ಫಾರ್ಮಿಗೂ ಬಂದಿರುವುದಿಲ್ಲ. ಕಿಸೆಗಳ್ಳರ ಬಗ್ಗೆ ಎಚ್ಚರವಿರಲಿ.'

"ಯಕ್ಕಾ, ಕಿಸೆಗಳ್ಳರು ಯಾಕ?" ಅಂದೆ.

'ಅದನ್ನ ಹೇಳಲಿಲ್ಲಂದ್ರ ಏನೋ ಮರತಂಗ ಆಗ್ತೈತಿ' ಅಂತ ಬರೆದಳು.

ಅಳಿಸಿ ಬರೆದು, ಬರೆದು ಅಳಿಸಿ, ಕಡೆಗೆ ಒಂದು ನಿಂತಿತು: 'ನೀವು ಹುಡುಕೂದು ಇಲ್ಲಿ ಇಲ್ರಿ. ಹೆದರಬ್ಯಾಡ್ರಿ, ನಿಮ್ಮ ಮಾಲು ತಣ್ಣಗ ಕುಂತೈತಿ. ಒಂದು ಹೆಜ್ಜಿ ಹಿಂದ ಹೋಗಿ ಮತ್ತ ಬರ್ರಿ.'

ಸಾವಕಾರರು ಓದಿ ಖುಷಿಯಾದರು. ಅಕ್ಕನ ಎದುರಿಗೇ ನನಗೆ, "ಭಾರಿ ಬರದಾರ್ರಿ ಅಕ್ಕಾರು. ಆದರ ಒಂದು ಮಾತು. ಹಿಂದಕ್ಕ ಹೋಗ್ರಿ ಅಂದ್ರ ನಮ್ಮ ಮಂದಿ ಮೊಬೈಲ್ ಹಿಡಕೊಂಡು ಖರೇನ ಒಂದು ಹೆಜ್ಜಿ ಹಿಂದಕ್ಕ ಹೋಗ್ತಾರ" ಅಂದರು.

ಅಕ್ಕ ಬರೆದಳು: 'ಹಿಂದ ಭಾವಿ ಇಲ್ಲದ ಜಾಗಾದಾಗ ನಿಂತು ನೋಡ್ರಿ ಅಂತ ಸೇರಸ್ಲೇನು?'

ಚಹಾ ಎಲ್ಲಿ

ಇನ್ನೊಂದು ತಪ್ಪಿದೆ, ಅದು ಪೂರಾ ನಮ್ಮದು. ವೆಬ್‌ಸೈಟಿನ ಒಳಗೇ ಏನೋ ಮುರಿದಾಗ ಬರುವಂಥದು. ಅದಕ್ಕೆ ಅಕ್ಕ ಬರೆದದ್ದು: 'ತಪ್ಪು ನಮ್ದೈತ್ರಿ, ನಿಮ್ದಲ್ಲ. ಒಂದು ಕಪ್ ಚಹಾ ಕುಡೀರಿ, ಅಷ್ಟರಾಗ ಸರಿ ಮಾಡ್ತೇವಿ.'

ಒಂದು ದಿನ ವೆಬ್‌ಸೈಟ್ ಮಲಗಿತು. ನಾನು ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದೆ. ಟಿಕೋಟಾದಿಂದ ಸಾವಕಾರರ ಫೋನು.

"ಏನ್ರಿ, ಇಲ್ಲಿ ಮಂದಿ ಬಂದು ಕುಂತಾರಲ್ರಿ."

"ಸಿಟ್ಟಾಗ್ಯಾರೇನ್ರಿ?"

"ಸಿಟ್ಟಿಲ್ರಿ, ಏನಿಲ್ರಿ. ಮೊಬೈಲ್ ತೋರಿಸಿ ಚಹಾ ಕೇಳಾಕತ್ತಾರ."

ಓದಿದವರಿಗೆಲ್ಲ ಅದು ಆಮಂತ್ರಣದ ಹಾಗೆ ಕಂಡಿತ್ತು. ಹತ್ತಿರದ ತೋಟದವರು ಗಾಡಿ ಹತ್ತಿ ಬಂದೇ ಬಿಟ್ಟಿದ್ದರು. ನಾನು ಸರಿ ಮಾಡುವಷ್ಟರಲ್ಲಿ ಚಹಾ ಮುಗಿದು, ಚುರಮುರಿ ಬಂದು, ದ್ರಾಕ್ಷಿಗೆ ಯಾವ ಔಷಧ ಹೊಡೆಯಬೇಕು ಅಂತ ದೊಡ್ಡ ಚರ್ಚೆ ನಡೆದಿತ್ತಂತೆ. ಸರಿಯಾಯಿತು ಅಂತ ನಾನು ಫೋನು ಮಾಡಿದೆ. ಹಿಂದಿನಿಂದ ಯಾರೋ ಅನ್ನುವುದು ಕೇಳಿಸಿತು:

"ಇಷ್ಟ ಲಗೂನ ಆತಾ? ಇನ್ನೊಮ್ಮೆ ಕೆಡಸಂತ ಹೇಳ್ರಿ, ಬಜಿ ಇನ್ನೂ ಎಣ್ಣ್ಯಾಗ ಅದಾವ."

ಕ್ಷಮೆ ಕೇಳುವ ಪುಟವೇ ಕೆಟ್ಟಿತು

ಮುಂದಿನ ಸಲ ಹಾಗಾಗಲಿಲ್ಲ. ಚಹಾದ ಆ ಪುಟವನ್ನು ಇನ್ನಷ್ಟು ಚೆಂದ ಮಾಡಲು ಹೋಗಿ, ಚಿತ್ರ ಹಾಕಿ, ಓದುವವರ ಹೆಸರು ಹಿಡಿದು ಮಾತಾಡಿಸುವ ಹಾಗೆ ಮಾಡಿದ್ದೆ. ಹೆಸರು ತರಲು ಅದು ಮಾಹಿತಿಯ ಕಣಜಕ್ಕೆ, ಅಂದರೆ ಡೇಟಾಬೇಸಿಗೆ, ಹೋಗಬೇಕು. ಕೆಟ್ಟದ್ದೇ ಆ ಕಣಜ. ಹೀಗಾಗಿ ತಪ್ಪಾಗಿದೆ ಅಂತ ಹೇಳಲು ಹೋದ ಪುಟವೇ ತಪ್ಪಿ ಬಿದ್ದು, ಬೆಳೆಗಾರರಿಗೆ ಬರೀ ಬಿಳಿ ಪರದೆ ಕಂಡಿತು.

ಅಕ್ಕ ನನ್ನ ಮುಖ ನೋಡಿ ಬರೆದಳು: 'ನಮ್ಮಲ್ಲೂ ಒಮ್ಮೆ ಆಗಿತ್ತು. ಮೈಕ್ ಕೆಟ್ಟೈತಿ ಅಂತ ಮೈಕಿನ್ಯಾಗ ಹೇಳು ಅಂದಿದ್ರು.'

"ಮತ್ತ ಏನು ಮಾಡಿದಿ?"

'ಹೊರಗ ಹೋಗಿ ಕಟ್ಟಿ ಮ್ಯಾಗ ನಿಂತು ಒದರಿದೆ. ಎಲ್ಲಾರಿಗೂ ಕೇಳ್ತು. ಮೈಕಿಗಿಂತ ಚಲೋ ಕೇಳ್ತು ಅಂದ್ರು.'

ನಾನು ನಕ್ಕೆ. ಅವಳು ಮೊಬೈಲನ್ನು ಕೆಳಗಿಡಲಿಲ್ಲ. ಇನ್ನೊಂದು ಸಾಲು ಬರೆದಳು. 'ಆವಾಗ ಗಂಟಲಿತ್ತು.'

ಅವಳ ಕೊರಳ ಮೇಲಿನ ಬಿಳಿ ಬಟ್ಟೆ ಉಸಿರಿಗೆ ಏಳುತ್ತ ಬೀಳುತ್ತ ಇತ್ತು. ಬಸ್ ಸ್ಟ್ಯಾಂಡಿನಲ್ಲಿ ಈಗ ಮಷಿನ್ನು ಮಾತಾಡುತ್ತದೆ. ಅವಳ ದನಿಯನ್ನು ಯಾರೂ ಹಿಡಿದಿಡಲಿಲ್ಲ. ದಿನವೂ ಕೇಳುತ್ತಿತ್ತಲ್ಲ, ಯಾರಿಗೂ ಹಾಗೆ ಅನ್ನಿಸಲೇ ಇಲ್ಲ. ನಾನು ಪುಟದಿಂದ ಹೆಸರು ತೆಗೆದೆ, ಚಿತ್ರ ತೆಗೆದೆ, ಯಾರ ಹಂಗೂ ಇಲ್ಲದ ಹಾಗೆ ಅವಳ ಮಾತಷ್ಟನ್ನೇ ಇಟ್ಟೆ. ತೋರಿಸಿದೆ. ಅವಳು ಓದಿ ಬರೆದಳು:

'ಈಗ ಚಲೋ ಆತು. ಚಹಾದ ಮಾತು ಮಾತ್ರ ಸಾವಕಾರ್ರನ್ನ ಕೇಳಿ ಇಡು, ಖರ್ಚು ಅವರ್ದು.'

ಟೈಮಿಗೆ ಬಂದ ಡ್ರೈವರ್

ದ್ರಾಕ್ಷಿಯ ಸುಗ್ಗಿ ಮುಗಿಯುವ ಹೊತ್ತಿಗೆ ಗಡ್ಡೆ ಮತ್ತೆ ಬಂತು. ಈ ಸಲ ಡಾಕ್ಟರರು ಹೆಚ್ಚು ಮಾತಾಡಲಿಲ್ಲ. ಅಕ್ಕ ಆಫೀಸಿಗೆ ಬರುವುದು ನಿಂತಿತು. ನಾನೇ ಲ್ಯಾಪ್‌ಟಾಪ್ ಹಿಡಿದು ಅವಳ ಹಾಸಿಗೆಯ ಹತ್ತಿರ ಕೂರುತ್ತಿದ್ದೆ. ಯಾರೂ ಎಂದೂ ನೋಡದಂಥ ತಪ್ಪುಗಳು ಕೆಲವು ಉಳಿದಿದ್ದವು. ಅವುಗಳಿಗೂ ಬರೆಯುತ್ತೇನೆ ಅಂತ ಹಠ ಹಿಡಿದಳು, ಬರೆದಳು. ಮಾಮಾ ಬಾಗಿಲಲ್ಲಿ ನಿಂತು, "ಊಟ ಬ್ಯಾಡಂತಾಳ, ಅದನ್ನೂ ಒಂದು ತಪ್ಪು ಅಂತ ಬರಕೊಳ್ಳೋ" ಅನ್ನುತ್ತಿದ್ದರು. ಅಕ್ಕ ಅವರ ಕಡೆ ಕೈ ಬೀಸುವಳು, ಹೋಗು ಅಂತ. ಅವರು, "ನೋಡು, ಬಾ ಅಂತ ಕರಿಯಾಕತ್ತಾಳ" ಅಂತ ಹತ್ತಿರ ಬಂದು ಕೂರುವರು.

ಒಂದು ಬೆಳಗ್ಗೆ ಅವಳು ಹೋದಳು. ಅವತ್ತೇ ಮಣ್ಣು ಮಾಡಿದೆವು. ಬಸ್ ಸ್ಟ್ಯಾಂಡಿನ ಹಳೇ ಮಂದಿಯೆಲ್ಲ ಬಂದಿದ್ದರು. ಎಲ್ಲ ಮುಗಿದು ಜನ ಕೈಕಾಲು ತೊಳೆಯುವಾಗ ಒಬ್ಬರು ಮುದುಕರು ಏದುಸಿರು ಬಿಡುತ್ತ ಬಂದರು. ಬಬಲೇಶ್ವರ ಮಮದಾಪುರದ ದಾರಿಯಲ್ಲಿ ಬಸ್ಸು ಓಡಿಸಿ ನಿವೃತ್ತರಾದ ಡ್ರೈವರ್. ಖಾಲಿಯಾಗುತ್ತಿದ್ದ ಜಾಗ ನೋಡಿ ಅಲ್ಲೇ ನಿಂತುಬಿಟ್ಟರು.

"ನನ್ನ ಸರ್ವೀಸಿನ್ಯಾಗ ಒಂದು ದಿನಾನೂ ಟೈಮಿಗೆ ಬಂದಾವ ಅಲ್ರಿ ನಾ," ಅಂದರು, ಕಣ್ಣೊರೆಸಿಕೊಳ್ಳುತ್ತ. "ಬರಾಕತ್ತೈತಿ, ದಾರ್ಯಾಗ ಐತಿ ಅಂತ ಮಂದಿಗೆ ಹೇಳಿ ಹೇಳಿ ಅಕ್ಕಾರ ನನ್ನ ಮರ್ಯಾದಿ ಉಳಿಸಿದ್ರು. ಇವತ್ತರೆ ಟೈಮಿಗೆ ಬರಬೇಕಂತ ಅವಸರಲೆ ಬಂದೇನ್ರಿ. ಇವತ್ತ ನೋಡ್ರಿ, ಅಕ್ಕಾರ ಟೈಮಿಗಿಂತ ಮೊದ್ಲ ಬಿಟ್ಟುಬಿಟ್ರು."

ಹೊರದೇಶದ ದಾಳಿ

ಅಕ್ಕ ಹೋಗಿ ಕೆಲವು ವಾರ ಕಳೆದಿದ್ದವು. ನಾನು ಕೆಲಸಕ್ಕೆ ಹೋಗುತ್ತಿದ್ದೆ ಅನ್ನುವುದಷ್ಟೇ, ಕೆಲಸ ಆಗುತ್ತಿರಲಿಲ್ಲ. ಅಂಥ ದಿನಗಳಲ್ಲಿ ಯಾರು ಯಾವ ಪುಟ ಕೇಳಿದರು ಅಂತ ವೆಬ್‌ಸೈಟ್ ಬರೆದಿಡುವ ದಾಖಲೆಯಲ್ಲಿ ಒಂದು ವಿಚಿತ್ರ ಕಂಡೆ. ದಿನಾ ಸಂಜೆ ಯಾರೋ ಬಂದು ಇಲ್ಲದ ಪುಟಗಳನ್ನು ಕೇಳುತ್ತಿದ್ದಾರೆ. ಒಂದಾದ ಮೇಲೊಂದು. ಕೇಳಿದ ಹೆಸರಾದರೂ ಓದಲು ಬರುತ್ತದೆಯೇ? ಬರೀ ಶೇಕಡಾ ಚಿಹ್ನೆ, ಅಕ್ಷರ, ಅಂಕಿ, ಮತ್ತೆ ಶೇಕಡಾ ಚಿಹ್ನೆ, ಹೀಗೆ ಒಂದು ಮಾರುದ್ದ. ಒಳಗೆ ನುಗ್ಗಲು ಯಾರೋ ಬಾಗಿಲು ಹುಡುಕುತ್ತಿದ್ದಾರೆ ಅಂದುಕೊಂಡೆ. ಸಾವಕಾರರಿಗೆ ಫೋನು ಮಾಡಿದೆ.

"ಹೊರದೇಶದವರು ಇರಬೇಕ್ರಿ. ದಾಳಿ ಮಾಡಾಕತ್ತಾರ."

"ನಮ್ಮ ಟಿಕೋಟಾದ ಮ್ಯಾಗ?" ಅಂದರು ಸಾವಕಾರರು. ದನಿಯಲ್ಲಿ ಭಯಕ್ಕಿಂತ ಹೆಮ್ಮೆಯೇ ಹೆಚ್ಚಾಗಿತ್ತು. "ಬರ್ಲಿ ಬಿಡ್ರಿ, ನಮ್ಮ ಮಾಲು ಅಷ್ಟು ಫೇಮಸ್ ಆತು ಅಂದಂಗಾತು."

ನಾನು ಬಿಡಲಿಲ್ಲ. ಅದು ಎಲ್ಲಿಯದು ಅಂತಲೂ ನೋಡದೆ, ಆ ನಂಬರಿನಿಂದ ಯಾರೇ ಬಂದರೂ ಒಳಗೆ ಬಿಡಬೇಡ ಅಂತ ಎರಡು ಸಾಲು ಬರೆದು ಬಾಗಿಲು ಹಾಕಿದೆ. ದಾಳಿ ನಿಂತಿತು. ಅವತ್ತು ಬಹಳ ದಿನಗಳ ಮೇಲೆ ಏನೋ ಸಾಧಿಸಿದೆ ಅನ್ನಿಸಿ ಹೊಟ್ಟೆ ತುಂಬ ಉಂಡೆ.

ಮಾರನೆಯ ದಿನ ಮಾಮಾ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಇಸ್ತ್ರಿಯಿಲ್ಲದ ಅಂಗಿ, ನಾಲ್ಕು ದಿನದ ಗಡ್ಡ. ಕೂರಲಿಲ್ಲ. ಮೊಬೈಲು ನನ್ನ ಮುಂದೆ ಹಿಡಿದರು.

"ತಮ್ಮಾ, ನಿಮ್ಮಕ್ಕನ ಪುಟ ಬರವಲ್ದು. ನಿನ್ನೆ ಸಂಜಿಯಿಂದ ಬ್ಯಾರೇನೋ ಬರಾಕತ್ತೈತಿ."

"ಯಾವ ಪುಟ ಮಾಮಾ?"

ಮೊದಲು ಹೇಳಲು ನಾಚಿದರು. ಆಮೇಲೆ ಕಬ್ಬಿನ ಗಾಣದ ಕಡೆ ನೋಡುತ್ತ ಹೇಳಿದರು. ಸಂಜೆ ಹೊತ್ತು ಮನೆಯಲ್ಲಿ ಒಬ್ಬರೇ ಕೂರಲು ಆಗುವುದಿಲ್ಲವಂತೆ. ವೆಬ್‌ಸೈಟಿನ ವಿಳಾಸದ ಕೊನೆಗೆ ಓರೆ ಗೆರೆ ಇರುತ್ತದಲ್ಲ, ಅದರ ಮುಂದೆ ಬೆರಳಿಟ್ಟು, ಮೊಬೈಲಿನ ಮೈಕಿನ ಗುರುತು ಒತ್ತಿ ಮಾತಾಡುತ್ತಾರಂತೆ. ಅವರು ಆಡಿದ್ದು ಅಲ್ಲಿ ಅಕ್ಷರವಾಗುತ್ತದೆ. ಅಂಥ ಪುಟ ಇರುವುದಿಲ್ಲವಾದ್ದರಿಂದ ಅಕ್ಕ ಬರೆದದ್ದು ಬರುತ್ತದೆ.

"ಏನು ಮಾತಾಡ್ತೀರಿ?"

"ಏನು ಮಾತಾಡ್ಲಿ? ಉಂಡೆ ಅಂತೇನಿ. ಗ್ಯಾಸ್ ತೀರೈತಿ ಅಂತೇನಿ. ಎಲ್ಲಿ ಅದಿ ಅಂತೇನಿ. ಹೆದರಬ್ಯಾಡ್ರಿ ಅಂತಾಳಲ್ಲ, ಅಷ್ಟು ಸಾಕು ನನಗ."

ಕನ್ನಡದ ಮಾತು ವಿಳಾಸದೊಳಗೆ ಹೋದರೆ ದಾಖಲೆಯಲ್ಲಿ ಶೇಕಡಾ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಕೆಲಸದವನಾಗಿ ನನಗದು ಗೊತ್ತಿತ್ತು. ಗೊತ್ತಿದ್ದೂ ಹೊಳೆದಿರಲಿಲ್ಲ. ಹೊರದೇಶದವರು ಅಂತ ನಾನು ಬಾಗಿಲು ಹಾಕಿದ್ದು ನನ್ನ ಮಾಮಾನ ಮುಖದ ಮೇಲೆ. ಅವರ ಮೊಬೈಲು ತೆಗೆದುಕೊಂಡು ನೋಡಿದೆ. ಒಳಗೆ ಬಿಡದವರಿಗೆ ತೋರಿಸುವ ಪುಟ ಅಲ್ಲಿತ್ತು. ಹಾಸಿಗೆಯಲ್ಲಿ ಮಲಗಿ ಅಕ್ಕ ಬರೆದವುಗಳಲ್ಲಿ ಅದೂ ಒಂದು. ಅಲ್ಲಿಯವರೆಗೆ ಯಾರೂ ಅದನ್ನು ನೋಡಿರಲಿಲ್ಲ.

'ಇಲ್ಲಿ ನಿಮಗ ಒಳಗ ಬರಾಕ ಆಗಂಗಿಲ್ರಿ. ಬಾಗಲಾ ಬಡಕೋತ ನಿಂದರಬ್ಯಾಡ್ರಿ. ಸುಮ್ಕ ಮನಿಗೆ ಹೋಗ್ರಿ. ಅಷ್ಟು ಜರೂರಿದ್ರ ನನ್ನ ತಮ್ಮ ಅದಾನ, ಅವನ್ನ ಕೇಳ್ರಿ.'

"ಅದಕ್ಕ ನಿನ್ನ ಕಡೆ ಬಂದೆ," ಅಂದರು ಮಾಮಾ.

ನನಗೆ ಅಳು ಬಂತು. ಅವರ ಎದುರಿಗೇ ಅತ್ತೆ. "ತಪ್ಪಾತು ಮಾಮಾ, ಈಗ ತಗೀತೇನಿ. ಎರಡು ನಿಮಿಷ" ಅಂತ ಲ್ಯಾಪ್‌ಟಾಪ್ ಎಳೆದುಕೊಂಡೆ.

ಮಾಮಾ ನನ್ನ ಕೈ ಹಿಡಿದರು.

"ತಡಿಯೋ. ಗಡಬಡಿ ಯಾಕ? ಇರ್ಲಿ ಬಿಡು ಒಂದಷ್ಟು ದಿನ."

"ಬೈದಂಗ ಐತಲ್ಲ ಮಾಮಾ ಇದು?"

"ಬೈದಾಳ ಖರೇ. ಆದ್ರ ಹೊಸಾದು ಬೈದಾಳ. ಹಳೇದು ನನಗ ಬಾಯಿಪಾಠ ಆಗಿತ್ತು."

ಅವರು ಆಗ ಕುರ್ಚಿ ಎಳೆದುಕೊಂಡು ಕೂತರು. ಕನ್ನಡಕ ಒರೆಸಿಕೊಂಡು ಆ ನಾಲ್ಕು ಸಾಲನ್ನು ಮತ್ತೊಮ್ಮೆ ತುಟಿ ಆಡಿಸುತ್ತ ಓದಿದರು. ಆಮೇಲೆ ನನ್ನ ಕಡೆ ಬಾಗಿ, ಯಾರಿಗೂ ಕೇಳಬಾರದು ಅನ್ನುವ ಹಾಗೆ ದನಿ ತಗ್ಗಿಸಿ ಕೇಳಿದರು:

"ತಮ್ಮಾ, ಇನ್ನ ಯಾವ್ಯಾವ ತಪ್ಪು ಮಾಡಿದ್ರ ಬೈತಾಳ, ಒಂದೊಂದ ಹೇಳಿಕೊಡು."